ಗಾಜಿನ ಎಳೆ ಯಾರ ಮನೆಗೆ?



ಎತ್ತಿನಹೊಳೆಯ ಪೈಪು ನಿಮ್ಮ ಕಣ್ಣೆದುರಿಗೇ ಹೋಯಿತು. 2012ರಲ್ಲಿ 8 ಸಾವಿರ ಕೋಟಿ ಚಿಲ್ಲರೆ ಎಂದು ಶುರುವಾದ ಲೆಕ್ಕ 23 ಸಾವಿರ ಕೋಟಿ ದಾಟಿತು. ಸಕಲೇಶಪುರದ ಗುಡ್ಡ ಸೀಳಿದರು, ತೋಟ ಅಗೆದರು, ರಸ್ತೆ ಹಾಳು ಮಾಡಿದರು. 2024ರ ಸೆಪ್ಟೆಂಬರ್ 6ರಂದು ನಮ್ಮ ತಾಲ್ಲೂಕಿನಲ್ಲೇ ಪೆಂಡಾಲು ಹಾಕಿ ಗುಂಡಿ ಒತ್ತಿದರು. ನೀರು ನಮ್ಮದು, ನೆಲ ನಮ್ಮದು, ಧೂಳು ನಮ್ಮದು. ನಲ್ಲಿ ಮಾತ್ರ ಬೇರೆ ಊರಿನದು. ಬಯಲುಸೀಮೆಯ ಅಣ್ಣತಮ್ಮಂದಿರಿಗೆ ಕುಡಿಯಲು ನೀರು ಬೇಡ ಎನ್ನುವಷ್ಟು ಸಣ್ಣ ಮನಸ್ಸು ನಮಗಿಲ್ಲ. ಆದರೆ ಪೈಪು ಹಾದುಹೋದ ಊರಿಗೆ ಏನು ಸಿಕ್ಕಿತು ಎಂದು ಕೇಳುವ ಹಕ್ಕು ನಮಗಿದೆ.

ಈಗ ಇನ್ನೊಂದು ಪೈಪಿನ ಮಾತು. ಇದು ಕೂದಲಿನಷ್ಟು ತೆಳು. ಗಾಜಿನದು. ಇದರೊಳಗೆ ಹರಿಯುವುದು ನೀರಲ್ಲ, ಬೆಳಕು. ಆಪ್ಟಿಕಲ್ ಫೈಬರ್ ಅಂತಾರೆ. ರಸ್ತೆ ಬದಿಯಲ್ಲಿ ಜೆ.ಸಿ.ಬಿ. ಗುಂಡಿ ತೋಡಿ ಕಿತ್ತಳೆ ಬಣ್ಣದ ಕೊಳವೆ ಹೂಳುವುದನ್ನು ನೀವು ಕಂಡಿರುತ್ತೀರಿ. ರೈಲು ಹಳಿಯ ಪಕ್ಕ ರೈಲ್‌ಟೆಲ್ ಸಂಸ್ಥೆಯ ಎಳೆ ಓಡುತ್ತದೆ. ತೋಟದ ಮೇಲೆ ಹಾದುಹೋಗುವ ಹೈಟೆನ್ಷನ್ ಲೈನಿನ ತುತ್ತತುದಿಯಲ್ಲಿ, ಸಿಡಿಲು ತಡೆಯಲೆಂದು ಕಟ್ಟಿದ ತಂತಿ ಇದೆಯಲ್ಲ, ಈಚಿನ ಲೈನುಗಳಲ್ಲಿ ಅದರ ಹೊಟ್ಟೆಯೊಳಗೂ ಇದೇ ಗಾಜಿನ ಎಳೆ ಇರುತ್ತದೆ. ಪವರ್‌ಗ್ರಿಡ್‌ನಂಥ ಸಂಸ್ಥೆ ಆ ಎಳೆಯನ್ನು ಟೆಲಿಫೋನ್ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟು ದುಡ್ಡು ಮಾಡುತ್ತದೆ. ನಿಮ್ಮ ಸಿಲ್ವರ್ ಮರ ಕಡಿದು ಎಳೆದ ತಂತಿಯಲ್ಲಿ ಕರೆಂಟು ಮಾತ್ರ ಹೋಗುತ್ತದೆ ಎಂದು ನೀವು ತಿಳಿದಿದ್ದರೆ, ಅದು ಅರ್ಧ ಸತ್ಯ.

ಈ ಎಳೆಗೂ ಅದು ಹೋಗಿ ಸೇರುವ ದೊಡ್ಡ ಕಟ್ಟಡಗಳಿಗೂ ಇವತ್ತು ಸುರಿಯುತ್ತಿರುವ ಹಣ ಕೇಳಿದರೆ ತಲೆ ತಿರುಗುತ್ತದೆ. ಏರ್‌ಟೆಲ್ ಕಂಪನಿ 2021ರಲ್ಲಿ ತನ್ನ ನೆಕ್ಸ್‌ಟ್ರಾ ಎಂಬ ಶಾಖೆಯ ಹೆಸರಿನಲ್ಲಿ ಡೇಟಾ ಸೆಂಟರುಗಳಿಗೆ 5,000 ಕೋಟಿ ಹಾಕುತ್ತೇನೆಂದಿತು. ಅದಕ್ಕೂ ಮುಂಚೆ, 2020ರಲ್ಲಿ, ಅಮೆರಿಕದ ಕಾರ್ಲೈಲ್ ಎಂಬ ಬಂಡವಾಳ ಸಂಸ್ಥೆ ಆ ಶಾಖೆಯಲ್ಲಿ ಕಾಲುಭಾಗ ಪಾಲು ಕೊಂಡಿತ್ತು. 2025ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿ ಅದಾನಿ ಮತ್ತು ಏರ್‌ಟೆಲ್ ಜೊತೆ ಸೇರಿ ಆಂಧ್ರದ ವಿಶಾಖಪಟ್ಟಣದಲ್ಲಿ ಐದು ವರ್ಷದಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿತು. ರೂಪಾಯಿ ಲೆಕ್ಕದಲ್ಲಿ ಒಂದು ಲಕ್ಷ ಕೋಟಿಗೂ ಮೇಲೆ. ನಮ್ಮ ರಾಜ್ಯ ಸರ್ಕಾರವೂ ಹಿಂದೆ ಬಿದ್ದಿಲ್ಲ. 2022ರಲ್ಲಿ ಡೇಟಾ ಸೆಂಟರ್ ನೀತಿ ಮಾಡಿ, 10,000 ಕೋಟಿ ಬಂಡವಾಳ ತರುತ್ತೇವೆ, 200 ಮೆಗಾವ್ಯಾಟ್ ಸಾಮರ್ಥ್ಯ ಸೇರಿಸುತ್ತೇವೆ ಎಂದು ಹೇಳಿ, ಬಂಡವಾಳಕ್ಕೆ ಸಹಾಯಧನ, ಮುದ್ರಾಂಕ ಶುಲ್ಕಕ್ಕೆ ವಿನಾಯಿತಿ ಎಂದು ಕರೆದು ಮಣೆ ಹಾಕಿತು.

ಡೇಟಾ ಸೆಂಟರ್ ಅಂದರೇನು? ನಮ್ಮ ಭಾಷೆಯಲ್ಲಿ ಹೇಳುವುದಾದರೆ ಉಗ್ರಾಣ ಮತ್ತು ಕ್ಯೂರಿಂಗ್ ವರ್ಕ್ಸ್ ಎರಡೂ ಒಂದೇ ಸೂರಿನಡಿ. ನೀವು ಚೆರ್ರಿಯನ್ನೋ ಪಾರ್ಚ್‌ಮೆಂಟನ್ನೋ ಚೀಲ ತುಂಬಿ ಹಾಸನಕ್ಕೆ ಕಳಿಸುತ್ತೀರಿ. ಅಲ್ಲಿ ಸಿಪ್ಪೆ ಸುಲಿದು, ಬೀಜ ಬೇರ್ಪಡಿಸಿ, ದರ್ಜೆ ಹಾಕಿ, ಹಡಗಿಗೆ ಏರಿಸುತ್ತಾರೆ. ಲಾಭ ಕಣದಲ್ಲಿ ಉಳಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಮಾಹಿತಿಯದೂ ಅದೇ ಕಥೆ. ನಿಮ್ಮ ಪಹಣಿ, ನಿಮ್ಮ ಬೆಳೆ, ನಿಮ್ಮ ಬ್ಯಾಂಕ್ ಖಾತೆ, ನಿಮ್ಮ ಹೆಬ್ಬೆಟ್ಟು ಎಲ್ಲವೂ ಕಚ್ಚಾಮಾಲು. ಅದು ಗಾಜಿನ ಎಳೆ ಹಿಡಿದು ಬೆಂಗಳೂರಿಗೋ ಮುಂಬೈಗೋ ಹೋಗಿ, ಸಾಲುಸಾಲು ಕಬ್ಬಿಣದ ಬೀರುಗಳಲ್ಲಿ ಇರಿಸಿದ ಯಂತ್ರಗಳಲ್ಲಿ ಕೂರುತ್ತದೆ. ಆ ಯಂತ್ರಗಳಿಗೆ ದಿನದ 24 ಗಂಟೆ ಕರೆಂಟು ಬೇಕು, ತಣ್ಣಗಿಡಲು ಎ.ಸಿ. ಬೇಕು, ನೀರೂ ಬೇಕು.

"ನಮಗ್ಯಾಕೆ ಸ್ವಾಮಿ ಈ ಬೆಂಗಳೂರಿನ ಪುರಾಣ, ನಮ್ಮದೇ ನಮಗೆ ಹಾಸಿ ಹೊದೆಯುವಷ್ಟಿದೆ" ಎಂದು ನಿಮ್ಮಲ್ಲಿ ಕೆಲವರು ಅನ್ನಬಹುದು. ಸರಿ, ಹಾಗಾದರೆ ನಿಮ್ಮದನ್ನೇ ನೋಡೋಣ. ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿ ಹೋಯಿತು. ಶಾನುಭೋಗರ ಕಾಲು ಹಿಡಿಯುವುದು ತಪ್ಪಿತು. ಇದು ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು. ಆದರೆ ಈಗ ಪಹಣಿ ಬೇಕು ಅಂದರೆ ಸರ್ವರ್ ಇರಬೇಕು. ಫ್ರೂಟ್ಸ್ ನಂಬರಿಲ್ಲದೆ ಸಹಾಯಧನವಿಲ್ಲ. ಪಿ.ಎಂ. ಕಿಸಾನ್ ಕಂತಿಗೆ ಇ-ಕೆವೈಸಿ. ನೋಂದಣಿಗೆ ಕಾವೇರಿ 2.0. ಪಹಣಿಗೆ ಆಧಾರ್ ಜೋಡಿಸಿ ಅಂತ 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮನೆಮನೆ ತಿರುಗಿದರು. ಬೆಳೆ ಸಮೀಕ್ಷೆಗೆ ನೀವೇ ತೋಟಕ್ಕೆ ಹೋಗಿ ಫೋಟೋ ಹೊಡೆಯಬೇಕು. ಕಾಫಿ ಗಿಡದ ಮಧ್ಯೆ ಮೆಣಸಿನ ಬಳ್ಳಿ, ಅಂಚಿಗೆ ಅಡಿಕೆ, ಹಳ್ಳದಲ್ಲಿ ಏಲಕ್ಕಿ. ಇದನ್ನು ಆ ಪುಟ್ಟ ಪರದೆಯಲ್ಲಿ ಸರಿಯಾಗಿ ತುಂಬದಿದ್ದರೆ, ನಾಳೆ ಮಳೆಗೆ ಮೆಣಸು ಕೊಳೆತಾಗ "ನಿಮ್ಮ ಪಹಣಿಯಲ್ಲಿ ಮೆಣಸೇ ಇಲ್ಲವಲ್ಲ ಗೌಡ್ರೆ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಹವಾಮಾನ ಆಧಾರಿತ ವಿಮೆಗೆ ಮಳೆಯ ಲೆಕ್ಕ ಬರುವುದು ಪಂಚಾಯಿತಿ ಮಟ್ಟದ ಮಳೆಮಾಪಕದಿಂದ. ಅದೂ ಮೊಬೈಲ್ ಸಂಪರ್ಕದ ಮೂಲಕವೇ ಬೆಂಗಳೂರಿನ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ತಲುಪಬೇಕು.

ಇಷ್ಟನ್ನೆಲ್ಲ ಕಡ್ಡಾಯ ಮಾಡಿದವರು, ಹೆತ್ತೂರು ಯಸಳೂರು ಕಡೆಯ ಒಳಹಳ್ಳಿಗಳಲ್ಲಿ ಫೋನು ಹಿಡಿದು ಗುಡ್ಡ ಹತ್ತುವ ಜನ ಇದ್ದಾರೆ ಎನ್ನುವುದನ್ನು ಮರೆತರು. ಕೊರೋನಾ ವರ್ಷಗಳಲ್ಲಿ, 2020 ಮತ್ತು 2021ರಲ್ಲಿ, ಮಲೆನಾಡಿನ ಮಕ್ಕಳು ಪ್ಲಾಸ್ಟಿಕ್ ಹೊದ್ದು ಗುಡ್ಡದ ನೆತ್ತಿಯಲ್ಲಿ ಕೂತು ಪಾಠ ಕೇಳಿದ ಚಿತ್ರ ಪತ್ರಿಕೆಗಳಲ್ಲಿ ಬಂತು. ಪಟ್ಟಣದವರು ನೋಡಿ ಅಯ್ಯೋ ಪಾಪ ಅಂದರು. ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಳ್ಳಿಗೆ ಈ ಎಳೆ ತರಲು ದುಡ್ಡಿಲ್ಲವೇ? ಇದೆ. ನಿಮ್ಮದೇ ದುಡ್ಡು ಇದೆ. 2002ರಿಂದ ಪ್ರತಿಯೊಂದು ಟೆಲಿಫೋನ್ ಕಂಪನಿಯ ಆದಾಯದಲ್ಲಿ, ಕೆಲವು ಬಾಬ್ತು ಕಳೆದು, ಶೇ. 5ನ್ನು ಕೇಂದ್ರ ಸರ್ಕಾರ ಒಂದು ನಿಧಿಗೆ ಹಾಕಿಸಿಕೊಳ್ಳುತ್ತಾ ಬಂದಿದೆ. ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಅಂತ ಅದರ ಹೆಸರಾಗಿತ್ತು. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರಿಟ್ಟಿತು. ಕಂಪನಿ ತನ್ನ ಮನೆಯಿಂದ ತಂದು ಕೊಡುವುದಿಲ್ಲ. ನಿಮ್ಮ ರೀಚಾರ್ಜಿನಲ್ಲೇ ಹಿಡಿಯುತ್ತದೆ. ಅಂದರೆ ನೂರು ರೂಪಾಯಿ ಹಾಕಿಸಿದರೆ ಹತ್ತಿರ ಹತ್ತಿರ ಐದು ರೂಪಾಯಿ, ಲಾಭ ಬರದ ಕುಗ್ರಾಮಕ್ಕೆ ಸಂಪರ್ಕ ಕೊಡಲು ಅಂತಲೇ ತೆಗೆದಿಟ್ಟದ್ದು. ತೋಟದ ಕೂಲಿಯವರೂ ಕೊಟ್ಟಿದ್ದಾರೆ, ನೀವೂ ಕೊಟ್ಟಿದ್ದೀರಿ. ವರ್ಷಗಟ್ಟಲೆ ಈ ನಿಧಿಯಲ್ಲಿ ಹತ್ತಾರು ಸಾವಿರ ಕೋಟಿ ಖರ್ಚಾಗದೆ ಬಿದ್ದಿತ್ತು. ಊರಮಧ್ಯೆ ಕೆರೆ ತುಂಬಿದ್ದರೂ ತೂಬು ಎತ್ತುವವನಿಲ್ಲದೆ ಗದ್ದೆ ಒಣಗಿದ ಹಾಗೆ.

ಈ ನಿಧಿಯಿಂದಲೇ 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಅಂದಾಜು 20,000 ಕೋಟಿಯ ಆಸುಪಾಸು. ಎರಡು ವರ್ಷದಲ್ಲಿ ಮುಗಿಯುತ್ತದೆ ಅಂದಿದ್ದರು. 2015ರಲ್ಲಿ ಹೆಸರು ಭಾರತ್‌ನೆಟ್ ಆಯಿತು. ಮೊದಲ ಒಂದು ಲಕ್ಷ ಪಂಚಾಯಿತಿ ಮುಗಿಯಿತು ಎಂದು ಘೋಷಿಸಿದ್ದು 2017ರ ಡಿಸೆಂಬರಿನಲ್ಲಿ. 2023ರ ಆಗಸ್ಟಿನಲ್ಲಿ ಮತ್ತೆ ಸಂಪುಟ ಕೂತು 1 ಲಕ್ಷ 39 ಸಾವಿರ ಕೋಟಿಗೂ ಮೇಲ್ಪಟ್ಟ ತಿದ್ದುಪಡಿ ಯೋಜನೆಗೆ ಸಹಿ ಹಾಕಿತು. ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿ "ಸೇವೆಗೆ ಸಿದ್ಧ" ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳುತ್ತದೆ. ಈ "ಸೇವೆಗೆ ಸಿದ್ಧ" ಎಂಬ ಮಾತನ್ನು ನೀವು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಹೆಣ್ಣು ಮದುವೆಗೆ ಸಿದ್ಧ ಅಂದ ಮಾತ್ರಕ್ಕೆ ಮದುವೆ ಆಯಿತು ಎಂದಲ್ಲ. ಪಂಚಾಯಿತಿ ಕಟ್ಟಡದ ಗೋಡೆಗೆ ಡಬ್ಬ ಹೊಡೆದು, ಅದಕ್ಕೆ ಎಳೆ ಸಿಕ್ಕಿಸಿ, ಒಂದು ದಿನ ದೀಪ ಉರಿದರೆ ಅದು ಸಿದ್ಧ. ಮಾರನೆಯ ದಿನ ಉರಿಯಿತೇ, ಈ ಹೊತ್ತು ಉರಿಯುತ್ತಿದೆಯೇ, ಪಂಚಾಯಿತಿಯಿಂದಾಚೆ ಶಾಲೆಗೆ, ಆಸ್ಪತ್ರೆಗೆ, ನಿಮ್ಮ ಮನೆಗೆ ಬಂತೇ ಎನ್ನುವುದು ಬೇರೆಯೇ ಲೆಕ್ಕ.

ಡಬ್ಬದ ದೀಪ ಯಾಕೆ ಆರುತ್ತದೆ? ಕಾರಣಗಳು ಮಲೆನಾಡಿನವರಿಗೆ ಹೇಳಿಕೊಡಬೇಕಾದ್ದಲ್ಲ. ಮೊದಲ ಹಂತದಲ್ಲಿ ಖರ್ಚು ಉಳಿಸಲು ತಾಲ್ಲೂಕಿನಿಂದ ಬಿ.ಎಸ್.ಎನ್.ಎಲ್.ನ ಹಳೆಯ ಎಳೆಯನ್ನೇ ಬಳಸಿ, ಅದು ಮುಗಿದ ಕಡೆಯಿಂದ ಪಂಚಾಯಿತಿಗೆ ಹೊಸದು ಜೋಡಿಸಿದರು. ಮರದ ಕೊಂಬೆಯ ಹಾಗೆ: ಬುಡ ಕಡಿದರೆ ಮೇಲಿನದೆಲ್ಲ ಒಣಗಿತು. ಶಿರಾಡಿ ಘಾಟಿಯಲ್ಲಿ, ದೋಣಿಗಲ್ಲಿನಲ್ಲಿ, ಮಾರನಹಳ್ಳಿಯಲ್ಲಿ ಮಳೆಗಾಲಕ್ಕೆ ಗುಡ್ಡ ಜರುಗುವುದು ಹೊಸತಲ್ಲ. ರಸ್ತೆ ಅಗಲ ಮಾಡುವ ಜೆ.ಸಿ.ಬಿ. ಒಂದು ಹಲ್ಲು ತಾಗಿಸಿದರೆ ಸಾಕು. ತುಂಡಾದ ಗಾಜನ್ನು ಹಗ್ಗದ ಹಾಗೆ ಗಂಟು ಹಾಕಲು ಬರುವುದಿಲ್ಲ. ಎರಡು ತುದಿ ಕೂಡಿಸಿ ಕರಗಿಸಿ ಬೆಸೆಯುವ ಯಂತ್ರ ಬೇಕು, ಕಲಿತ ಕೈ ಬೇಕು. ಆ ಯಂತ್ರವೂ ಆ ಮನುಷ್ಯನೂ ಬರುವ ತನಕ ಕೊಂಬೆಯ ತುದಿಯ ಪಂಚಾಯಿತಿಗಳಿಗೆ ಕತ್ತಲು. ಇನ್ನು ಕರೆಂಟು. ಆಷಾಢದ ಗಾಳಿಗೆ ಕಂಬ ಮುರಿದು ದಿನಗಟ್ಟಲೆ ವಿದ್ಯುತ್ ಇಲ್ಲದಾಗ ಡಬ್ಬದ ಬ್ಯಾಟರಿ ಎಷ್ಟು ಹೊತ್ತು ತಾಳೀತು? ಸತ್ತ ಬ್ಯಾಟರಿ ಬದಲಾಯಿಸುವವರು ಯಾರು? ಪಂಚಾಯಿತಿಯೋ, ಬಿ.ಎಸ್.ಎನ್.ಎಲ್. ನವರೋ, ಗುತ್ತಿಗೆದಾರನೋ? ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

2023ರ ತಿದ್ದುಪಡಿಯಲ್ಲಿ ಈ ಕೊಂಬೆಯನ್ನು ಬಳೆ ಮಾಡುವುದಾಗಿ ಹೇಳಿದ್ದಾರೆ. ಪ್ರತಿ ಪಂಚಾಯಿತಿಗೂ ಎರಡು ಕಡೆಯಿಂದ ದಾರಿ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು ಸುತ್ತಿ ಬರುತ್ತದೆ. ಹತ್ತು ವರ್ಷ ನಿರ್ವಹಣೆಯನ್ನೂ ಗುತ್ತಿಗೆಯಲ್ಲೇ ಸೇರಿಸಿದ್ದಾರೆ. ಕಾಗದದ ಮೇಲೆ ಸರಿಯಾದ ಯೋಜನೆ. ನಾವು ಇದನ್ನು ಹಳಿಯುವುದಿಲ್ಲ. ಆದರೆ ಬಳೆ ಎಲ್ಲಿ ಕೂಡುತ್ತದೆ ಎನ್ನುವುದನ್ನು ಇಂಥ ಗುಡ್ಡಗಾಡಿನಲ್ಲಿ ಕಣ್ಣಿಟ್ಟು ನೋಡಬೇಕು. ಹೋಗುವ ಎಳೆಯೂ ಬರುವ ಎಳೆಯೂ ಒಂದೇ ರಸ್ತೆಯ ಎಡಬಲದಲ್ಲಿ ಹೂತರೆ ಗುಡ್ಡ ಜರಿದಾಗ ಎರಡೂ ಒಟ್ಟಿಗೇ ಹೋಗುತ್ತವೆ. ಅದು ಬಳೆಯಲ್ಲ, ಬಿಲ್ಲಿನಲ್ಲಿ ಬಳೆ.

ಸಂಪರ್ಕ ನಮಗೆ ಸಿನಿಮಾ ನೋಡಲಿಕ್ಕೆ ಬೇಕಾದ್ದಲ್ಲ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ತುಳಿದು ಸತ್ತವರ ಮನೆಗೆ ಹೋಗಿ ಬಂದವರು ನೀವು. ಆನೆ ಹಿಂಡು ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ವರ್ಷಗಳಿಂದ ಇದೆ, ಒಳ್ಳೆಯ ಕೆಲಸ. ಬೆಳಿಗ್ಗೆ ಆರಕ್ಕೆ ಕಳಿಸಿದ ಸಂದೇಶ, ಕೂಲಿಯವರು ಕೆಲಸಕ್ಕೆ ಇಳಿದ ಮೇಲೆ ಹತ್ತು ಗಂಟೆಗೆ ಗುಡ್ಡ ಹತ್ತಿದಾಗ ಬಂದರೆ ಅದರಿಂದ ಏನು ಪ್ರಯೋಜನ? ಇಲ್ಲಿ ಟವರಿನ ಪ್ರಶ್ನೆ ಪ್ರಾಣದ ಪ್ರಶ್ನೆ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 2022ರ ಜುಲೈಯಲ್ಲಿ 26,316 ಕೋಟಿ ಮಂಜೂರಾಯಿತು. ಆ ಪಟ್ಟಿಯಲ್ಲಿ ನಿಮ್ಮ ಊರಿತ್ತೇ? ಇದ್ದರೆ ಟವರ್ ಎಲ್ಲಿ? ಟವರ್ ಇದ್ದರೂ ಅದಕ್ಕೆ ಫೈಬರ್ ತಾಗದಿದ್ದರೆ ಅದು ಬಾವಿಯಿಲ್ಲದ ಏತ ಎಂಬುದನ್ನೂ ತಿಳಿದಿರಿ.

ಇನ್ನು ಬೆಲೆಯ ಮಾತು. ಅದಿಲ್ಲದೆ ನಮ್ಮ ಪತ್ರಿಕೆಯ ಸಂಚಿಕೆ ಹೊರಬೀಳುವುದುಂಟೇ? ಕಾಫಿ ಮಂಡಳಿಯ ಪೂಲ್ ಇದ್ದ ಕಾಲ ಹಿರಿಯರಿಗೆ ನೆನಪಿದೆ. ಬೀಜ ಕೊಟ್ಟು, ಕಂತು ಕಂತಾಗಿ ಬರುವ ಹಣಕ್ಕೆ ಬಾಯಿಬಿಟ್ಟುಕೊಂಡು ಕಾಯಬೇಕಿತ್ತು. 1992ರಿಂದ ಸ್ವಲ್ಪ ಸ್ವಲ್ಪ ಸಡಿಲ ಮಾಡಿ 1996ರ ಸೆಪ್ಟೆಂಬರಿಗೆ ಪೂರ್ತಿ ಬಿಟ್ಟರು. ಅಂದಿನಿಂದ ರೊಬಸ್ಟಾ ಬೆಲೆ ಲಂಡನ್ನಿನಲ್ಲಿ, ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ಹುಟ್ಟುತ್ತದೆ. ಅಲ್ಲಿಂದ ಇಳಿದಿಳಿದು ನಿಮ್ಮ 50 ಕಿಲೋ ಚೀಲಕ್ಕೆ ಬರುತ್ತದೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ಹಿಂದೆಂದೂ ಕಾಣದ ಎತ್ತರ ಕಂಡಿತು. ಆ ದಿನಗಳಲ್ಲಿ ಬೆಳಗಿನ ಬೆಲೆ ಸಂಜೆಗೆ ಇರುತ್ತಿರಲಿಲ್ಲ. ಲಂಡನ್ನಿನ ಏರಿಳಿತ ವ್ಯಾಪಾರಿಯ ಪರದೆಗೆ ಕ್ಷಣದಲ್ಲಿ ಬರುತ್ತದೆ, ಸಮುದ್ರದ ತಳದ ಕೇಬಲ್ಲಿನ ಮೂಲಕ ಮುಂಬೈಗೋ ಚೆನ್ನೈಗೋ ಹತ್ತಿ. ನಿಮಗೆ ಬೆಳಿಗ್ಗೆ ಒಂದು ವಾಟ್ಸ್ಯಾಪ್ ಸಂದೇಶ, ಅದೂ ಸಿಗ್ನಲ್ ಇದ್ದರೆ. ಅವನ ಕೈಯಲ್ಲಿ ಈ ಗಳಿಗೆಯ ಬೆಲೆ, ನಿಮ್ಮ ಕೈಯಲ್ಲಿ ನಿನ್ನೆಯದು. ಈ ಇಬ್ಬರೂ ಕೂತು "ಒಪ್ಪಿಗೆಯ ಮೇಲೆ" ವ್ಯಾಪಾರ ಮಾಡುತ್ತಾರಂತೆ!

ಹಾಗಂತ ವಾಟ್ಸ್ಯಾಪ್ ಬಂದದ್ದರಿಂದ ನಮಗೆ ಒಳ್ಳೆಯದೇ ಆಗಲಿಲ್ಲ ಎನ್ನುವುದು ದ್ರೋಹದ ಮಾತಾದೀತು. ಬಾಳ್ಳುಪೇಟೆಯಲ್ಲಿ ಒಂದು ಬೆಲೆ, ಸಕಲೇಶಪುರದಲ್ಲಿ ಒಂದು, ಮೂಡಿಗೆರೆಯಲ್ಲಿ ಇನ್ನೊಂದು ಹೇಳಿ ಯಾಮಾರಿಸುವುದು ಇವತ್ತು ಮೊದಲಿನಷ್ಟು ಸುಲಭವಲ್ಲ. ಅದಕ್ಕೇ ನಾವು ಈ ಎಳೆ ನಮಗೂ ಬೇಕು ಎನ್ನುತ್ತಿರುವುದು. ಯಂತ್ರವನ್ನು ದ್ವೇಷಿಸುವವರು ನಾವಲ್ಲ.

ಸಾಲದ ವಿಷಯದಲ್ಲಿ ಈ ಕಂಪನಿಗಳಿಗೂ ನಿಮಗೂ ಸರ್ಕಾರ ಮಾಡಿದ ಪಂಕ್ತಿಭೇದ ನೋಡಿ. 2022ರ ಫೆಬ್ರವರಿ 1ರ ಬಜೆಟ್ಟಿನಲ್ಲಿ ಡೇಟಾ ಸೆಂಟರುಗಳನ್ನು ಮೂಲಸೌಕರ್ಯದ ಪಟ್ಟಿಗೆ ಸೇರಿಸುವುದಾಗಿ ಹಣಕಾಸು ಮಂತ್ರಿಗಳು ಹೇಳಿದರು. ರಸ್ತೆ, ರೈಲು, ಬಂದರಿಗೆ ಸಿಗುವ ದೀರ್ಘಾವಧಿ ಸಾಲ ಅವಕ್ಕೂ ಸುಲಭವಾಗಿ ಸಿಗಲಿ ಅಂತ. ಟೆಲಿಫೋನ್ ಕಂಪನಿಗಳು ಸರ್ಕಾರಕ್ಕೆ ಬಾಕಿ ಉಳಿಸಿಕೊಂಡಾಗ 2021ರ ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷ ವಾಯಿದೆ ಕೊಟ್ಟರು. ಆಮೇಲೂ ಕಟ್ಟಲಾಗದ ವೊಡಾಫೋನ್ ಐಡಿಯಾ ಕಂಪನಿಯ ಬಾಕಿಯನ್ನು 2023ರಲ್ಲಿ 16,133 ಕೋಟಿ, 2025ರಲ್ಲಿ 36,950 ಕೋಟಿ ಷೇರಾಗಿ ಪರಿವರ್ತಿಸಿಕೊಂಡು, ಸರ್ಕಾರವೇ ಅದರಲ್ಲಿ ಅರ್ಧದ ಹತ್ತಿರ ಪಾಲುದಾರನಾಯಿತು. ಬಾಕಿದಾರನ ಮನೆಯಲ್ಲಿ ಸರ್ಕಾರ ಪಾಲುದಾರ!

ನಿಮಗೋ? ಕಾಫಿ ಬೆಳೆಗಾರ ಸಾಲ ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆ. ಆ ಕಾಯ್ದೆಯ 31ನೇ ಕಲಮಿನಲ್ಲಿ ಕೃಷಿ ಜಮೀನಿಗೆ ಇದು ಅನ್ವಯಿಸದು ಎಂದು ಬರೆದಿದೆ. ಕಾಫಿ ತೋಟ ಕೃಷಿ ಜಮೀನಲ್ಲ, ಪ್ಲಾಂಟೇಶನ್ ಎಂದು ಬ್ಯಾಂಕುಗಳು ವಾದಿಸಿ, ಹಾಸನ, ಚಿಕ್ಕಮಗಳೂರು, ಕೊಡಗಿನ ಬೆಳೆಗಾರರ ತೋಟಗಳನ್ನು ಹರಾಜಿಗೆ ಇಟ್ಟವು. ಹರಾಜು ಎಲ್ಲಿ? ಇಂಟರ್ನೆಟ್ಟಿನಲ್ಲಿ. ಹಿಂದೆ ಜಫ್ತಿಗೆ ಬಂದ ಅಮೀನನನ್ನು ಊರವರೆಲ್ಲ ಸೇರಿ ಬಾಗಿಲಲ್ಲಿ ತಡೆಯಬಹುದಿತ್ತು. ಎಂಬತ್ತರ ದಶಕದಲ್ಲಿ ಊರಿನ ಬಾಗಿಲಿಗೇ ಬೋರ್ಡು ಹಾಕಿದ್ದೆವಲ್ಲ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ. ಇ-ಹರಾಜಿಗೆ ಯಾವ ಬಾಗಿಲಲ್ಲಿ ಬೋರ್ಡು ಹಾಕೋಣ? ಕೊಳ್ಳುವವನು ತೋಟದ ಮಣ್ಣನ್ನೂ ಮೆಟ್ಟದೆ, ಪಟ್ಟಣದಲ್ಲಿ ಕೂತು ಗುಂಡಿ ಒತ್ತಿ ಕೂಗುತ್ತಾನೆ. ನಿಮ್ಮ ಮನೆಗೆ ಸಿಗ್ನಲ್ ತರಲಾರದ ಎಳೆ ನಿಮ್ಮ ತೋಟವನ್ನು ಹರಾಜಿಗೆ ಒಯ್ಯಬಲ್ಲದು.

ಮುಂದೆ ಇದು ಇನ್ನೂ ಹೆಚ್ಚಲಿದೆ. ರಿಸರ್ವ್ ಬ್ಯಾಂಕು 2023ರಲ್ಲಿ ಪ್ರಯೋಗಕ್ಕೆ ಬಿಟ್ಟು, 2024ರ ಆಗಸ್ಟಿನಲ್ಲಿ ಯೂನಿಫೈಡ್ ಲೆಂಡಿಂಗ್ ಇಂಟರ್‌ಫೇಸ್ ಎಂದು ಹೆಸರಿಟ್ಟ ವ್ಯವಸ್ಥೆಯಲ್ಲಿ ಭೂದಾಖಲೆಯೂ ಇತರ ವಿವರಗಳೂ ನೇರವಾಗಿ ಬ್ಯಾಂಕಿನ ಕಂಪ್ಯೂಟರಿಗೆ ಹೋಗುತ್ತವೆ. ಕೇಂದ್ರದ 2,817 ಕೋಟಿಯ ಡಿಜಿಟಲ್ ಕೃಷಿ ಮಿಷನ್ 2024ರ ಸೆಪ್ಟೆಂಬರಿನಲ್ಲಿ ಮಂಜೂರಾಗಿ, ಪ್ರತಿ ರೈತನಿಗೂ ಒಂದು ಗುರುತಿನ ನಂಬರು, ಪ್ರತಿ ಹೊಲದ ಬೆಳೆಗೂ ಒಂದು ದಾಖಲೆ ಎಂದಿತು. ಬೆಳೆಸಾಲಕ್ಕೆ ಹತ್ತು ಸಲ ಅಲೆಯುವುದು ತಪ್ಪಿದರೆ ಸಂತೋಷ. ಆದರೆ ನಿಮ್ಮ ತೋಟದಲ್ಲಿ ಎಷ್ಟು ಫಸಲು, ತಲೆಯ ಮೇಲೆ ಎಷ್ಟು ಸಾಲ, ಯಾವ ತಿಂಗಳು ಕೈಕಟ್ಟಿದ ತಿಂಗಳು ಎನ್ನುವುದು ನಿಮ್ಮ ಎದುರು ಕೂತ ವ್ಯಾಪಾರಿಗೋ ಸಾಲದ ಕಂಪನಿಗೋ ನಿಮಗಿಂತ ಮೊದಲೇ ಗೊತ್ತಾದರೆ, ಚೌಕಾಸಿ ಮಾಡಲು ನಿಮ್ಮ ಬಳಿ ಏನು ಉಳಿಯಿತು? ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ. ಒಪ್ಪಿಗೆಯಿಲ್ಲದೆ ಬಳಸಬಾರದು ಎನ್ನುವುದು ಅದರ ತತ್ವ. ಸರ್ಕಾರಕ್ಕೆ ಅದರಲ್ಲಿ ದೊಡ್ಡ ವಿನಾಯಿತಿಗಳಿವೆ. ಹೆಬ್ಬೆಟ್ಟು ಒತ್ತುವ ಮುಂಚೆ, ಓ.ಟಿ.ಪಿ. ಹೇಳುವ ಮುಂಚೆ, "ಇದು ಯಾತಕ್ಕಪ್ಪ?" ಎಂದು ಒಂದು ಮಾತು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಮನೆಯ ಹುಡುಗರಿಗೂ ಹೇಳಿಕೊಡಿ.

ಕರೆಂಟಿನ ವಿಷಯ ಚುಟುಕಾಗಿ. ಒಂದು ಮೆಗಾವ್ಯಾಟಿನ ಯಂತ್ರಶಾಲೆ ಪೂರ್ತಿ ಓಡಿದರೆ ದಿನಕ್ಕೆ 24,000 ಯೂನಿಟ್. 200 ಮೆಗಾವ್ಯಾಟ್ ಅಂದರೆ ದಿನಕ್ಕೆ 48 ಲಕ್ಷ ಯೂನಿಟ್. ಅದೂ ಒಂದು ಗಳಿಗೆ ತಪ್ಪದ ಹಾಗೆ. ನಿಮ್ಮ ಪಂಪ್‌ಸೆಟ್ಟಿಗೆ ಏಳು ಗಂಟೆ ಎಂದು ಹೇಳುವ ಸರ್ಕಾರ 2023ರ ಅಕ್ಟೋಬರಿನಲ್ಲಿ ಬರ ಬಂದಾಗ ಅದನ್ನೂ ಐದಕ್ಕೆ ಇಳಿಸಿತ್ತು. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿಗೆ ಕರೆಂಟಿಲ್ಲದೆ ಮೊಗ್ಗು ಕರಕಲಾದರೆ ಆ ವರ್ಷದ ಫಸಲು ಮುಗಿದಂತೆ. ಯಾರಿಗೆ ತಡೆಯಿಲ್ಲದ ಕರೆಂಟು, ಯಾರಿಗೆ ಕಡಿತ ಎನ್ನುವುದನ್ನು ತೀರ್ಮಾನಿಸುವ ಕುರ್ಚಿಗಳಲ್ಲಿ ನಮ್ಮವರಿಲ್ಲ. ನೀರಿನದೂ ಹಾಗೇ: ಎತ್ತಿನಹೊಳೆ ಯೋಜನೆಯ ಪಟ್ಟಿಯಲ್ಲಿ ಬೆಂಗಳೂರು ಗ್ರಾಮಾಂತರವೂ ಇದೆ. ಕುಡಿಯುವ ನೀರು ಎಂದು ಹೇಳಿ ಒಯ್ದದ್ದನ್ನು ಯಂತ್ರ ತಣಿಸಲು ಬಳಸುವುದಿಲ್ಲ ಎಂದು ಸರ್ಕಾರ ಲಿಖಿತವಾಗಿ ಹೇಳಲಿ.

ದರದ ಬಗ್ಗೆಯೂ ಒಂದು ಮಾತು. 2024ರ ಜುಲೈ ಮೊದಲ ವಾರ ಮೂರು ಖಾಸಗಿ ಕಂಪನಿಗಳು ಒಂದರ ಹಿಂದೊಂದು ರೀಚಾರ್ಜ್ ದರವನ್ನು ಶೇ. 10ರಿಂದ 25ರವರೆಗೆ ಏರಿಸಿದವು. ಬಂಡವಾಳ ಹಾಕಿದ್ದೇವೆ, ವಾಪಸ್ಸು ಬರಬೇಡವೇ ಎಂದು ಅವರ ವಾದ. ನಾವೂ ಗೊಬ್ಬರ, ಕೂಲಿ, ಬೋರ್ಡೋ ದ್ರಾವಣ, ಮರಗಸಿ ಅಂತ ಬಂಡವಾಳ ಹಾಕುತ್ತೇವೆ. ಖರ್ಚು ಹೆಚ್ಚಾಯಿತು, ನಾಳೆಯಿಂದ ಚೀಲಕ್ಕೆ ಇಷ್ಟು ಎಂದು ಹೇಳುವ ಅಧಿಕಾರ ನಮಗೆ ಯಾವತ್ತು ಸಿಕ್ಕಿದೆ?

ಈಗ ನೆಲದ ಹಕ್ಕಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಜಮೀನುದಾರರಾದ ನಿಮಗೆ ನೇರವಾಗಿ ತಟ್ಟುವುದು ಇದೇ. 1885ರ ಬ್ರಿಟಿಷರ ಟೆಲಿಗ್ರಾಫ್ ಕಾಯ್ದೆಯ 10ನೇ ಕಲಮು ಯಾರ ಜಮೀನಿನ ಮೇಲಾದರೂ ಕೆಳಗಾದರೂ ತಂತಿ ಎಳೆಯುವ ಅಧಿಕಾರ ಕೊಟ್ಟಿತ್ತು. ಜಮೀನಿನ ಒಡೆತನ ನಿಮ್ಮದೇ ಉಳಿಯುತ್ತದೆ, ಆದ ನಷ್ಟಕ್ಕೆ ಪೂರ್ತಿ ಪರಿಹಾರ ಕೊಡಬೇಕು, ತಕರಾರಿದ್ದರೆ ಜಿಲ್ಲಾ ನ್ಯಾಯಾಧೀಶರ ಹತ್ತಿರ ಹೋಗಬಹುದು. ವಿದ್ಯುತ್ ಲೈನು ಎಳೆಯುವವರು ಇದೇ ಅಧಿಕಾರ ತೋರಿಸಿಯೇ ನಿಮ್ಮ ತೋಟಕ್ಕೆ ಇಳಿದದ್ದು. 2024ರ ಜೂನ್ ತಿಂಗಳಲ್ಲಿ ಕೇಂದ್ರ ವಿದ್ಯುತ್ ಮಂತ್ರಾಲಯ ಹೊಸ ಮಾರ್ಗಸೂಚಿ ಹೊರಡಿಸಿ, ಟವರ್ ಕಾಲಿನ ಜಾಗಕ್ಕೆ ಜಮೀನು ಬೆಲೆಯ ಎರಡು ಪಟ್ಟು, ತಂತಿಯ ಕೆಳಗಿನ ಪಟ್ಟಿಗೆ ಶೇ. 30 ಎಂದು ಪರಿಹಾರ ಏರಿಸಿತು. ಆದರೆ ಆ ತಂತಿಯೊಳಗಿನ ಗಾಜಿನ ಎಳೆಯ ಬಾಡಿಗೆ ವರ್ಷ ವರ್ಷ ಬರುತ್ತದಲ್ಲ, ಅದರಲ್ಲಿ ನೆಲದ ಒಡೆಯನಿಗೆ ಪಾಲೆಲ್ಲಿ? ಒಂದು ಸಲ ಪರಿಹಾರ ಕೊಟ್ಟು ಎರಡು ವ್ಯಾಪಾರ ಮಾಡುವುದು ಯಾವ ಧರ್ಮ?

ಫೈಬರ್ ಮತ್ತು ಮೊಬೈಲ್ ಟವರಿಗೆ ಈಗ 2023ರ ದೂರಸಂಪರ್ಕ ಕಾಯ್ದೆ, ಅದರಡಿ 2025ರ ಜನವರಿ 1ರಿಂದ ಜಾರಿಗೆ ಬಂದ ದಾರಿಹಕ್ಕಿನ ನಿಯಮಗಳು. ಖಾಸಗಿ ಜಮೀನಿನಲ್ಲಿ ಎಳೆಯಬೇಕಾದರೆ ಕಂಪನಿ ಮಾಲೀಕನ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಮಾಲೀಕ ಒಪ್ಪದಿದ್ದರೆ ಸಾರ್ವಜನಿಕ ಹಿತ ಎಂದು ಕೇಂದ್ರ ಸರ್ಕಾರ ನಡುವೆ ಬರಬಹುದು. ಆದ್ದರಿಂದ ಕಂಪನಿಯ ಹುಡುಗ ಬೈಕಿನಲ್ಲಿ ಬಂದು "ಇಲ್ಲೊಂದು ಸಹಿ ಹಾಕಿ ಅಣ್ಣ, ನಿಮ್ಮೂರಿಗೇ ನೆಟ್ಟು ಬರುತ್ತೆ" ಅಂದರೆ ಅವನಿಗೆ ಕಾಫಿ ಕೊಡಿ, ಸಹಿ ಕೊಡಬೇಡಿ. ಕಾಗದ ಇಸಿದುಕೊಂಡು ಓದಿಸಿ. ಎಷ್ಟು ವರ್ಷಕ್ಕೆ, ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ, ಕಂಪನಿ ಕೈಬದಲಾದರೆ ಬಾಡಿಗೆ ಕೊಡುವವರು ಯಾರು, ಅಗೆದ ಚರಂಡಿ ಮುಚ್ಚುವವರು ಯಾರು, ಮುಂದೆ ನೀವು ಅಲ್ಲಿ ಕೆರೆ ತೋಡಬಹುದೇ, ಇಷ್ಟು ಬರಹದಲ್ಲಿ ಇರಬೇಕು. ಒಬ್ಬೊಬ್ಬರೇ ಸಹಿ ಹಾಕಿದರೆ ಒಬ್ಬೊಬ್ಬರಿಗೆ ಒಂದೊಂದು ಬೆಲೆ. ಊರಿನವರೆಲ್ಲ ಕೂತು ಒಂದೇ ಮಾತು ಆಡಿ: ನಮ್ಮ ನೆಲದಲ್ಲಿ ಎಳೆ ಹೋಗುವುದಾದರೆ ನಮ್ಮ ಊರಿನಲ್ಲಿ ಒಂದು ಕವಲು ಬಿಟ್ಟು ಹೋಗಬೇಕು. ನಾಲೆಗೆ ತೂಬು ಕೇಳಿದ ಹಾಗೆ ಎಳೆಗೆ ಕವಲು ಕೇಳಿ. ಟೆಲಿಫೋನ್ ಎಂಜಿನಿಯರುಗಳು ಇದು ಕಷ್ಟ ಎಂದು ತಲೆ ಅಲ್ಲಾಡಿಸಬಹುದು. ಒಂದು ಕೇಬಲ್ಲಿನಲ್ಲಿ ಹತ್ತಾರು ಎಳೆ ಇರುತ್ತವೆ, ಎರಡು ಎಳೆ ಊರಿಗೆ ಬಿಡುವುದು ಕೆಲಸದ ಕಷ್ಟವಲ್ಲ, ಮನಸ್ಸಿನ ಕಷ್ಟ.

ಬರುವ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಪಂಚಾಯಿತಿಯ ಡಬ್ಬ ಎಷ್ಟು ದಿನ ಉರಿಯಿತು, ಎಷ್ಟು ದಿನ ಆರಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಗುರುತು ಮಾಡಲು ಕಾರ್ಯದರ್ಶಿಗೆ ಹೇಳಿ. ಅವರು ಮಾಡದಿದ್ದರೆ ಊರಿನ ಓದಿದ ಹುಡುಗನೊಬ್ಬ ಮಾಡಲಿ. ಮಳೆಗಾಲದ ನಾಲ್ಕು ತಿಂಗಳ ಲೆಕ್ಕ ಕೈಯಲ್ಲಿದ್ದರೆ ಯಾವ ಅಧಿಕಾರಿಯೂ "ಸೇವೆಗೆ ಸಿದ್ಧ" ಎಂದು ಬಾಯಿ ಬಿಡಲಾರ. ಬೆಸೆಯುವ ಯಂತ್ರ ಮತ್ತು ಕಲಿತ ಇಬ್ಬರು ಹುಡುಗರು ಸಕಲೇಶಪುರದಲ್ಲೊಂದು ಕಡೆ, ಆಲೂರಿನಲ್ಲೊಂದು ಕಡೆ ಸದಾ ಇರಬೇಕು, ಹಾಸನದಿಂದಲೋ ಬೆಂಗಳೂರಿನಿಂದಲೋ ಬರುವುದಲ್ಲ ಎಂದು ಒತ್ತಾಯಿಸಿ.

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಬಿ.ಎಸ್.ಎನ್.ಎಲ್.ನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕೇಳಬೇಕಾದ್ದು ಇಷ್ಟು: ನಮ್ಮ ಪಂಚಾಯಿತಿಗೆ ಭಾರತ್‌ನೆಟ್ ಎಳೆ ಯಾವ ದಿನಾಂಕದಿಂದ ಬಂದಿದೆ, ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ದಿನ ಕೆಲಸ ಮಾಡಿದೆ, ನಿರ್ವಹಣೆಯ ಗುತ್ತಿಗೆ ಯಾರಿಗೆ, ಅವರಿಗೆ ಸಂದಾಯವಾದ ಹಣವೆಷ್ಟು, ತಿದ್ದುಪಡಿ ಯೋಜನೆಯ ಬಳೆಯಲ್ಲಿ ನಮ್ಮ ಪಂಚಾಯಿತಿಗೆ ಎರಡನೆಯ ದಾರಿ ಯಾವ ಊರಿನ ಮೇಲಿಂದ ಬರುತ್ತದೆ. ಉತ್ತರ ಬಂದರೂ ಬಾರದಿದ್ದರೂ ಅದರ ಒಂದು ಪ್ರತಿ ನಮಗೆ ಕಳಿಸಿ. ಸಕಲೇಶಪುರ, ಆಲೂರಿನ ಎಲ್ಲ ಪಂಚಾಯಿತಿಗಳ ಪಟ್ಟಿಯನ್ನು ಹೋಬಳಿವಾರು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.